ಅಪಾಯದ ಅಂಕಗಳನ್ನು ಎಷ್ಟು ನಂಬಬಹುದು?

ನೆಲದಡಿಯಲ್ಲಿ ಸಾವಿರಾರು ಕಿಲೋಮೀಟರ್ ಉದ್ದಕ್ಕೆ ಹಾಸಿರುವ ಅನಿಲ ಕೊಳವೆಗಳನ್ನೆಲ್ಲ ಅಗೆದು ನೋಡಲು ಸಾಧ್ಯವಿಲ್ಲ. ಯಾವ ಭಾಗವನ್ನು ಮೊದಲು ದುರಸ್ತಿ ಮಾಡಬೇಕು? ಇದನ್ನು ನಿರ್ಧರಿಸಲು ಎಂಜಿನಿಯರುಗಳು ಅಪಾಯವನ್ನು ಅಂದಾಜು ಮಾಡುತ್ತಾರೆ. ಕೊಳವೆ ಒಡೆಯುವ ಸಂಭವಕ್ಕೆ ಒಂದು ಅಂಕ, ಒಡೆದರೆ ಆಗುವ ಹಾನಿಗೆ ಇನ್ನೊಂದು ಅಂಕ. ಇವೆರಡರ ಗುಣಲಬ್ಧ ಹೆಚ್ಚಿರುವ ಭಾಗಕ್ಕೆ ಮೊದಲ ಆದ್ಯತೆ. ವಿಧಾನ ತರ್ಕಬದ್ಧವಾಗಿದೆ. ಆದರೆ ಗೊತ್ತಿಲ್ಲದ ಸಂಗತಿಗೆ ಇದರಲ್ಲಿ ಎಷ್ಟು ಅಂಕ?

ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡಿ. 'ಅ' ಭಾಗಕ್ಕೆ ಸಂಭವದ ಅಂಕ 2, ಹಾನಿಯ ಅಂಕ 9, ಅಪಾಯ 18. 'ಆ' ಭಾಗಕ್ಕೆ 6 ಮತ್ತು 4, ಅಪಾಯ 24. ದುರಸ್ತಿ 'ಆ' ಭಾಗಕ್ಕೆ. ಆದರೆ 'ಅ' ಭಾಗದ 2 ಎಂಬುದು ತಪ್ಪು ದಾಖಲೆಯಿಂದ ಬಂದಿದ್ದು, ನಿಜವಾದ ಅಂಕ 8 ಆಗಿದ್ದರೆ? ಅಪಾಯ 72! ಪಟ್ಟಿಯೇ ತಲೆಕೆಳಗಾಗುತ್ತದೆ.

ಇದು ಬರಿಯ ಊಹೆಯಲ್ಲ. 2010ರ ಸೆಪ್ಟೆಂಬರ್ 9ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಬ್ರೂನೋ ಪಟ್ಟಣದಲ್ಲಿ 30 ಇಂಚು ವ್ಯಾಸದ ಅನಿಲ ಕೊಳವೆ ಒಡೆದು ಬೆಂಕಿ ಹೊತ್ತಿಕೊಂಡಿತು. 8 ಮಂದಿ ಸತ್ತರು. 38 ಮನೆಗಳು ನಾಶವಾದವು. ಅದು 1956ರಲ್ಲಿ ಹಾಕಿದ್ದ ಭಾಗ. ಅಲ್ಲಿರುವುದು ಬೆಸುಗೆಯಿಲ್ಲದ ಕೊಳವೆ ಎಂದು ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯ ದಾಖಲೆ ಹೇಳುತ್ತಿತ್ತು. ಆದರೆ ಅಲ್ಲಿದ್ದದ್ದು ಉದ್ದಕ್ಕೂ ಬೆಸೆದ ಕೊಳವೆ. ಅದರ ಕೆಲವು ತುಂಡುಗಳಲ್ಲಿ ಬೆಸುಗೆ ಒಳಬದಿಯವರೆಗೆ ತಲಪಿರಲಿಲ್ಲ. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2011ರ ವರದಿಯಲ್ಲಿ ಇದನ್ನು ವಿವರಿಸಿತು. ತಪ್ಪು ದಾಖಲೆಯಿಂದಾಗಿ ಪರೀಕ್ಷೆಯ ಆಯ್ಕೆಯೂ ತಪ್ಪಿತ್ತು. ಕಂಪನಿ ಆರಿಸಿಕೊಂಡ ವಿಧಾನ ಹೊರಮೈಯ ತುಕ್ಕನ್ನು ಹುಡುಕುವಂಥದು. ಬೆಸುಗೆಯ ದೋಷ ಅದಕ್ಕೆ ಕಾಣುವುದಿಲ್ಲ.

ಹಾಗಾದರೆ ಅಪಾಯದ ಅಂದಾಜನ್ನೇ ಬಿಡಬೇಕೆ? ಬೇಡ. ಹಣ, ಜನ, ಸಮಯ ಎಲ್ಲವೂ ಮಿತವಾಗಿರುವಾಗ ಆದ್ಯತೆಯ ಪಟ್ಟಿ ಬೇಕೇ ಬೇಕು. ಆದರೆ ದಾಖಲೆ ಇಲ್ಲದ ಭಾಗಕ್ಕೆ ಕಡಿಮೆ ಅಂಕ ಸಲ್ಲದು; ಅಜ್ಞಾನವನ್ನೇ ಅಪಾಯವೆಂದು ಎಣಿಸಿ ಹೆಚ್ಚಿನ ಅಂಕ ಕೊಡಬೇಕು. 2011ರಲ್ಲಿ ಕ್ಯಾಲಿಫೋರ್ನಿಯಾದ ನಿಯಂತ್ರಣ ಆಯೋಗ ಈ ದಾರಿಯನ್ನೇ ಹಿಡಿಯಿತು. ಒತ್ತಡ ಪರೀಕ್ಷೆಗೆ ಒಳಪಡದ ಅನಿಲ ಸಾಗಣೆ ಕೊಳವೆಗಳನ್ನು ಪರೀಕ್ಷಿಸಬೇಕು, ಇಲ್ಲವೇ ಬದಲಿಸಬೇಕು ಎಂದು ಆದೇಶಿಸಿತು.

ಪ್ರಯೋಗಶಾಲೆಯಲ್ಲಿ ಅಳತೆಯ ಜೊತೆಗೆ ದೋಷದ ಮಿತಿಯನ್ನೂ ಬರೆಯಬೇಕೆಂದು ನೀವು ವಿದ್ಯಾರ್ಥಿಗಳಿಗೆ ಹೇಳುತ್ತೀರಿ. ಅಪಾಯದ ಪಟ್ಟಿಗೂ ಅದೇ ನಿಯಮ ಅನ್ವಯಿಸುತ್ತದೆ. ಅಂಕವನ್ನು ನೋಡಿದೊಡನೆ ಕೇಳಬೇಕಾದ ಪ್ರಶ್ನೆ: ಇದನ್ನು ಅಳೆದು ಬರೆದರೋ, ಊಹಿಸಿ ಬರೆದರೋ?