ಯಶಸ್ಸಿಗೆ ಸೊನ್ನೆ

ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ಯಾರೋ ಪಹಣಿಯ ಫೋಟೊಗಳನ್ನು ತಮ್ಮ ಹೊಸ ಆಂಡ್ರಾಯ್ಡ್ ಫೋನಿನಲ್ಲಿಟ್ಟು, ಫೋಲ್ಡರಿಗೆ ಊರಿನ ಹೆಸರನ್ನೇ ಕೊಟ್ಟರೆನ್ನಿ. 'ಮೆಹಕರ' ಎಂದರೆ ಯೂನಿಕೋಡ್‌ನ ಐದು ಸಂಕೇತ. ಒಂದೊಂದಕ್ಕೆ ಮೂರು ಬೈಟಿನಂತೆ ಯುಟಿಎಫ್-8ರಲ್ಲಿ 15 ಬೈಟ್. ಫೋನ್ ಕಡತಗಳ ಜೊತೆ ಹೆಸರನ್ನೂ ಗೂಢಲಿಪಿಯಲ್ಲೇ ಇಡುತ್ತದೆ. ಗೂಢಲಿಪಿಯಾದಾಗ ಅದು ಕನಿಷ್ಠ 16 ಬೈಟ್ ಆಗುತ್ತದೆ, ಬಿಡಿಸಿದರೆ ಮತ್ತೆ 15. ಆಂಡ್ರಾಯ್ಡ್‌ಗೆ ತಳಹದಿಯಾದ ಲಿನಕ್ಸ್ ಕರ್ನಲ್‌ನಲ್ಲಿ ಈ ಕೆಲಸ ಎಫ್‌ಎಸ್‌ಕ್ರಿಪ್ಟ್ ಎಂಬ ಭಾಗದ್ದು.

2016ರ ಸೆಪ್ಟೆಂಬರ್‌ನಲ್ಲಿ ಕರ್ನಲ್ ಪ್ರೋಗ್ರಾಮರ್ ಎರಿಕ್ ಬಿಗ್ಗರ್ಸ್ ಇದಕ್ಕೆ ಬರೆದ ಒಂದು ತಿದ್ದುಪಡಿ ಲಿನಕ್ಸ್ 4.9ರಲ್ಲಿ ಸೇರಿತು. ಅಲ್ಲಿಯವರೆಗೆ ಹೆಸರು ಬಿಡಿಸುವ ಫಂಕ್ಷನ್ ಗೆದ್ದರೆ ಉದ್ದವನ್ನೂ ಸೋತರೆ ಋಣ ಸಂಖ್ಯೆಯನ್ನೂ ಹಿಂದಿರುಗಿಸುತ್ತಿತ್ತು. ಅದೇ ಉದ್ದವನ್ನು ಫಲಿತಾಂಶದ ಸ್ಟ್ರಕ್ಚರ್‌ನಲ್ಲೂ ಬರೆದಿಡುತ್ತಿತ್ತು. ಹೆಸರನ್ನು ಗೂಢಗೊಳಿಸುವ ಫಂಕ್ಷನ್‌ನ ಸ್ಥಿತಿ ಇನ್ನೂ ಕೆಟ್ಟದ್ದು: ತಲೆಯ ಮೇಲಿನ ಟಿಪ್ಪಣಿ ಉದ್ದ ಕೊಡುತ್ತೇನೆ ಎನ್ನುತ್ತಿತ್ತು, ಕೋಡ್ ಕೊಡುತ್ತಿದ್ದುದು ಸೊನ್ನೆ. ಎರಡರ ಬಗೆಯೂ ಪೂರ್ಣಾಂಕವೇ ಆದ್ದರಿಂದ ಕಂಪೈಲರ್ ಇದನ್ನು ಹಿಡಿಯಲಾರದು. ಟಿಪ್ಪಣಿ ನಂಬಿದವನು ಉದ್ದವೆಂದು ಸೊನ್ನೆಯನ್ನು ಒಯ್ಯುತ್ತಾನೆ. ಸೊನ್ನೆಯಲ್ಲದ್ದೆಲ್ಲ ಸೋಲು ಎಂದುಕೊಂಡವನಿಗೆ ಸರಿಯಾಗಿ ಬಿಡಿಸಿದ 15 ಬೈಟೂ ದೋಷವಾಗಿ ಕಾಣುತ್ತದೆ. ಬಿಗ್ಗರ್ಸ್ ಎಲ್ಲಕ್ಕೂ ಒಂದೇ ಕಟ್ಟಳೆ ತಂದರು: ಗೆದ್ದರೆ ಸೊನ್ನೆ, ಉದ್ದ ಬೇಕಾದವರು ಸ್ಟ್ರಕ್ಚರ್ ನೋಡಲಿ.

ಕಡತ ಓದುವ 'ರೀಡ್' ಕರೆ ಬೈಟ್‌ಗಳ ಎಣಿಕೆಯನ್ನೇ ಹಿಂದಿರುಗಿಸುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ ಅದು ಸರಿ, ಏಕೆಂದರೆ ಎಷ್ಟು ಓದಿತೆಂದು ತಿಳಿಯಲು ಬೇರೆ ದಾರಿಯಿಲ್ಲ. ಇಲ್ಲಿ ಉದ್ದ ಆಗಲೇ ಕೈಯಲ್ಲಿತ್ತು. ಹಾಗಾಗಿ ಈ ತಿದ್ದುಪಡಿಯನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆದರೆ ಅದು ಒಂದು ಮೂಲೆಯನ್ನಷ್ಟೇ ಶುಚಿ ಮಾಡಿತು. ಕಡತದ ಗೂಢಲಿಪಿ ವಿವರ ತರುವ ಫಂಕ್ಷನ್, ಅದನ್ನು ಬಿಡಿಸುವ ಕೀಲಿ ಸಿಗದಿದ್ದಾಗಲೂ ಸೊನ್ನೆಯನ್ನೇ ಕೊಡುತ್ತಿತ್ತು. ಕಾರಣವಿಲ್ಲದೆ ಅಲ್ಲ: ಕೀಲಿಯಿಲ್ಲದೆಯೂ ಫೋಲ್ಡರಿನ ಪಟ್ಟಿ ನೋಡಲು, ಕಡತ ಅಳಿಸಲು ಆಗಬೇಕು. ಹೀಗಾಗಿ 'ದೋಷವಿಲ್ಲ' ಮತ್ತು 'ಕೀಲಿ ಇದೆ' ಎಂಬೆರಡನ್ನು ಕರೆದವರೇ ಬೇರ್ಪಡಿಸಿಕೊಳ್ಳಬೇಕಿತ್ತು. ಒಂದು ಕಡೆ ಮರೆತರೂ, ಕೀಲಿಯಿಲ್ಲದ ಕಡತಕ್ಕೂ ಕೀಲಿ ಇದೆಯೆಂದೇ ಭಾವಿಸಿ ಕೋಡ್ ಮುಂದೆ ಹೋಗುತ್ತದೆ. ಉದ್ದದ ಗೊಂದಲಕ್ಕಿಂತ ಇದು ಬಲು ಅಪಾಯದ್ದು. 2018ರ ಜನವರಿಯಲ್ಲಿ ಬಂದ ಲಿನಕ್ಸ್ 4.15ರಲ್ಲಿ 'ಎಫ್‌ಎಸ್‌ಕ್ರಿಪ್ಟ್ ರಿಕ್ವೈರ್ ಕೀ' ಎಂಬ ಫಂಕ್ಷನ್ ಸೇರಿದ ಮೇಲೆ, ಕೀಲಿಯಿದ್ದರೆ ಸೊನ್ನೆ, ಇಲ್ಲದಿದ್ದರೆ 'ಇನೋಕೀ' ದೋಷ ಎಂಬ ನೇರ ಉತ್ತರ ಸಿಕ್ಕಿತು. ನನ್ನ ಮಟ್ಟಿಗೆ, 2016ರಲ್ಲೇ ಮೊದಲು ಬರಬೇಕಾಗಿದ್ದುದು ಇದು.