ಆಕಾಶ ನೀಲಿ ಯಾಕೆ, ಹಲ್ಲು ಕಂದು ಯಾಕೆ?

ಕನ್ನಡದ ವಿಜ್ಞಾನ ಅಂಕಣಗಳನ್ನು ಗುಡ್ಡೆ ಹಾಕಿಕೊಂಡು ಓದಿದ್ದೇವೆ. ಆಕಾಶ ಯಾಕೆ ನೀಲಿ? ಮಿಂಚುಹುಳಕ್ಕೆ ಬೆಳಕು ಎಲ್ಲಿಂದ ಬಂತು? ಕಪ್ಪುರಂಧ್ರದೊಳಗೆ ಬಿದ್ದವನ ಗತಿ ಏನು? ಚೆಂದದ ಪ್ರಶ್ನೆಗಳು, ಬ್ಯಾಡ ಅನ್ನೂದಿಲ್ಲ. ನಮ್ಮ ತಕರಾರು ಬ್ಯಾರೆ. ಈ ಕುತೂಹಲ ಯಾರದು? ಹೊಟ್ಟೆ ತುಂಬಿದವರಿಗಷ್ಟೇ ಕುತೂಹಲ ಇರತೈತಿ ಅಂತ ಯಾರು ಬರೆದುಕೊಟ್ಟರು? ತಂಗಡಿ ತೊಗಟೆಯ ನೀರಿನ್ಯಾಗ ತೊಗಲು ನೆನೆಹಾಕಿ ಹದ ಮಾಡಿದ ನಮ್ಮ ಅಜ್ಜಂದಿರು, ತೊಗಲು ಕೊಳೆಯದಂಗ ಇಡೂದು ಹ್ಯಾಂಗ ಅನ್ನೂ ಪ್ರಶ್ನೆಗೆ ಕೈಯಿಂದಲೇ ಉತ್ತರ ಕೊಟ್ಟರು. ತೊಗಟೆಯ ಟ್ಯಾನಿನ್ನು ತೊಗಲಿನ ಪ್ರೋಟೀನನ್ನು ಹಿಡಿದು ಬಿಗಿಯುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಬಾಯಿ ಹಾಕಲು ಬರುವುದಿಲ್ಲ. ಇದು ರಸಾಯನಶಾಸ್ತ್ರ. ಅಂಕಣಕಾರರ ಲೆಕ್ಕದಲ್ಲಿ ಮಾತ್ರ ಕುಲಕಸುಬು.

ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ 'ವಿಜ್ಞಾನ' ಪತ್ರಿಕೆ ತಂದರು. ಕಾರಂತರು 'ವಿಜ್ಞಾನ ಪ್ರಪಂಚ' ಬರೆದರು. ಬಿ.ಜಿ.ಎಲ್. ಸ್ವಾಮಿಯವರ 'ಹಸಿರು ಹೊನ್ನು' 1976ರದು. ದೊಡ್ಡ ದುಡಿಮೆ, ಮನೆಯಲ್ಲಿ ಮೊದಲ ಸಲ ಡಿಗ್ರಿ ಕಂಡ ನಮ್ಮಂಥವರ ಮೇಲೆ ಅದರ ಋಣ ಐತಿ. ಆದರೆ ಹಳ್ಳಿಯ ಹುಡುಗನೊಬ್ಬನಿಗೂ ಗೊತ್ತಿರಬಹುದು ಎಂದು ವಿಜ್ಞಾನಿ ನಂಬುವುದನ್ನು ನಾವು ಕಂಡದ್ದು ತೇಜಸ್ವಿಯವರ 'ಕರ್ವಾಲೊ'ದಲ್ಲಿ, 1980ರಲ್ಲಿ. ಆಮೇಲಿನವರು ಹಾರುವ ಓತಿಯನ್ನು ನೆನಪಿಟ್ಟುಕೊಂಡರು, ಮಂದಣ್ಣನನ್ನು ಮರೆತರು.

ಹೊಸ ಸಂಶೋಧನೆಯನ್ನು ನಮ್ಮವರು ವರದಿ ಮಾಡುವ ರೀತಿ ನೋಡಿ. 2019ರಲ್ಲಿ ರಾಖಿಗಢಿಯ ಒಬ್ಬ ಹೆಂಗಸಿನ ಅಸ್ಥಿಯ ಡಿಎನ್‌ಎ ಬಂದಾಗ ಆರ್ಯರು ಬಂದರೋ ಇಲ್ಲವೋ ಅಂತ ಪುಟಗಟ್ಟಲೆ ಕುಸ್ತಿ. ಅದಕ್ಕೂ ಮೊದಲು, 2013ರಲ್ಲಿ, ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡಿನ ವಿಜ್ಞಾನಿಗಳು ಈ ಉಪಖಂಡದ 73 ಸಮುದಾಯಗಳ ವಂಶವಾಹಿ ನೋಡಿ ಹೇಳಿದ ಮಾತು ಯಾಕೆ ದೊಡ್ಡ ಸುದ್ದಿಯಾಗಲಿಲ್ಲ? ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಇಲ್ಲಿಯ ಜನ ಒಬ್ಬರೊಳಗೊಬ್ಬರು ಬೆರೆತರು, ಆಮೇಲೆ ಬೆರಕೆ ನಿಂತು ತಮ್ಮತಮ್ಮೊಳಗೇ ಮದುವೆ ಗಟ್ಟಿಯಾಯಿತು ಅಂತ ಅವರು ಕಂಡರು. ರಕ್ತಶುದ್ಧಿಯ ಮಾತಾಡುವವರ ಮೈಯೊಳಗೂ ಆ ಬೆರಕೆಯ ಗುರುತು ಐತಿ. ಬಾಬಾಸಾಹೇಬರು 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದ ವಿಚಾರಗೋಷ್ಠಿಯಲ್ಲಿ ಓದಿದ ಪ್ರಬಂಧದಲ್ಲಿ ಜಾತಿಯ ತಿರುಳೇ ಒಳಮದುವೆ ಎಂದಿದ್ದರು. ಆಗ ಅವರಿಗೆ 25 ವರ್ಷ, ಕೈಯಲ್ಲಿ ಡಿಎನ್‌ಎ ಯಂತ್ರ ಇರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಬರೆದ ವಿಜ್ಞಾನ ಅಂಕಣ ನಮ್ಮ ಗುಡ್ಡೆಯಲ್ಲಿ ಒಂದೂ ಸಿಗಲಿಲ್ಲ.

ಇನ್ನು ನಮ್ಮ ಸೀಮೆಯ ಪ್ರಶ್ನೆ. ಹಮ್ಮಿಗಿಯಲ್ಲಿ ತುಂಗಭದ್ರೆಗೆ ಬ್ಯಾರೇಜು ಕಟ್ಯಾರ, ಸಿಂಗಟಾಲೂರು ಏತ ನೀರಾವರಿಯದು. ಹೊಳಿ ದಂಡಿಗೆ ನಿಂತರೆ ಕಣ್ಣು ತುಂಬ ನೀರು. ಅದೇ ಮುಂಡರಗಿ ತಾಲೂಕು ಬೋರಿನ ನೀರಿನ ಫ್ಲೋರೈಡಿಗೂ ಹೆಸರುವಾಸಿ. ಬಂಡೆಯಿಂದ ಕರಗಿ ಬರುವ ಈ ವಸ್ತು ಎಳೆ ಮಕ್ಕಳ ಹಲ್ಲು ಒಸಡಿನೊಳಗೆ ಕಟ್ಟಿಕೊಳ್ಳುವಾಗಲೇ ಅದರೊಳಗೆ ಸೇರುತ್ತದೆ. ಆ ಕಂದು ಕಲೆ ಬೇವಿನಕಡ್ಡಿಯಿಂದ ಹೋಗುವುದಿಲ್ಲ, ಪೇಸ್ಟಿನಿಂದಲೂ ಹೋಗುವುದಿಲ್ಲ. (ಅದೇ ಫ್ಲೋರೈಡನ್ನು ಪೇಸ್ಟಿನ ಜಾಹೀರಾತು ಹಲ್ಲಿನ ಕಾವಲುಗಾರ ಅನ್ನುತ್ತದೆ. ಸ್ವಲ್ಪ ಇದ್ದರೆ ಅದೂ ಖರೆ.) ವರ್ಷಗಟ್ಟಲೆ ಕುಡಿದರೆ ಬೆನ್ನು, ಮೊಳಕಾಲು ಸೆಟೆದುಕೊಳ್ಳುತ್ತವೆ. ನೀರು ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಇದೇನೂ ನಿನ್ನೆ ಮೊನ್ನೆ ತಿಳಿದದ್ದಲ್ಲ. 1937ರಲ್ಲೇ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಈ ರೋಗವನ್ನು ವೈದ್ಯರು ದಾಖಲಿಸಿದ್ದರು. ಪಟಕ, ಸುಣ್ಣ ಹಾಕಿ ನೀರು ತಿಳಿ ಮಾಡುವ 'ನಲಗೊಂಡ' ವಿಧಾನ ನಾಗಪುರದ ನೀರಿ ಸಂಸ್ಥೆಯಿಂದ 1970ರ ದಶಕದಲ್ಲಿ ಬಂತು.

ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಎಂಬುದು ನಮ್ಮ ದೇಶದ ಮಿತಿ. ಲೀಟರಿಗೆ ಎಷ್ಟು ಅಂತ ಅಂಕಣ ಹೇಳುತ್ತದೆ, ದಿನಕ್ಕೆ ಎಷ್ಟು ಲೀಟರು ಅಂತ ಕೇಳುವುದಿಲ್ಲ. ಫ್ಯಾನಿನ ಕೆಳಗೆ ಕೂತವನು ಎರಡು ಲೀಟರು ಕುಡಿದರೆ, ಮೇ ತಿಂಗಳ ಬಿಸಿಲಲ್ಲಿ ಮಣ್ಣು ಹೊರುವ ಅವ್ವ ಐದು ಲೀಟರು ಕುಡಿಯುತ್ತಾಳೆ. ನೀರು ಒಂದೇ, ಮಿತಿ ಒಂದೇ, ಮೈಗೆ ಇಳಿದ ವಿಷ ಎರಡೂವರೆ ಪಟ್ಟು. ಮೇಲಾಗಿ ಹಾಲು, ಮೊಸರು ಕಾಣದ ಮೈಯಲ್ಲಿ ಸುಣ್ಣದ ಅಂಶ ಕಡಿಮೆ ಇದ್ದರೆ ಫ್ಲೋರೈಡಿನ ಹೊಡೆತ ಇನ್ನೂ ಜೋರು. ಬಡತನವನ್ನು ಬಿಟ್ಟು ಈ ರಸಾಯನಶಾಸ್ತ್ರ ಬರೆಯಲು ಬರೂದೇ ಇಲ್ಲ. ಆದರೂ ಕಂದು ಹಲ್ಲು ಕಂಡಕೂಡಲೇ "ಹಲ್ಲು ತಿಕ್ಕದ ಮಂದಿ" ಅಂತಾರ, ಕಲಿತವರೂ ಅಂತಾರ.

ಒಂದು ಕೇರಿಯ ಬೋರಿನ ನೀರು ತಂದು ಪರೀಕ್ಷೆ ಮಾಡಿಸಿ, ಅಲ್ಲಿಯ ಕೂಲಿಯವರು ದಿನಕ್ಕೆ ಎಷ್ಟು ತಂಬಿಗೆ ಕುಡಿಯುತ್ತಾರೆ ಅಂತ ಎಣಿಸಿ ಬರೆಯುವ ವಿಜ್ಞಾನ ಲೇಖಕರು ಯಾರಾದರೂ ಇದ್ದರೆ, ಮುಂದಿನ ಸಂಚಿಕೆಯಲ್ಲಿ ನಾಕು ಪುಟ ತೆಗೆದಿಟ್ಟಿದ್ದೇವೆ.