‘ಘಟಶ್ರಾದ್ಧ’ದಲ್ಲಿ ಆಸರೆಯ ಪ್ರಶ್ನೆ

ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯು 1963ರ ‘ಪ್ರಶ್ನೆ’ ಸಂಕಲನದಲ್ಲಿದೆ. 1977ರಲ್ಲಿ ಗಿರೀಶ ಕಾಸರವಳ್ಳಿಯವರು ಅದನ್ನು ಚಲನಚಿತ್ರವಾಗಿಸಿದರು. ಆ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲವು ಸಂದಿತು. 2024ರಲ್ಲಿ ಅದರ ಪುನರುದ್ಧಾರಗೊಂಡ ಪ್ರತಿಯು ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಕಥೆಯನ್ನು ಕುರಿತೂ ಚಿತ್ರವನ್ನು ಕುರಿತೂ ಬಂದಿರುವ ವಿಮರ್ಶೆಯಲ್ಲಿ ಹೆಚ್ಚಿನ ಭಾಗವು ಒಂದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಹೇಳುತ್ತದೆ: ಅಗ್ರಹಾರದ ಕರ್ಮಠತನವು ಜೀವಂತ ಹೆಣ್ಣೊಬ್ಬಳಿಗೆ ಶ್ರಾದ್ಧ ಮಾಡಿತು, ಕೃತಿಯು ಅದನ್ನು ಖಂಡಿಸಿತು. ಈ ಮಾತು ಸುಳ್ಳಲ್ಲ. ಆದರೆ ಕೃತಿಯ ತಿರುಳೆಲ್ಲ ಇದರಲ್ಲಿ ಅಡಗಿಲ್ಲ. ಘಟವನ್ನು ಒಡೆಯುವುದು ಕಥೆಯ ಕೊನೆಯ ಘಟನೆ. ಬಸಿರು ನಿಂತಿದೆಯೆಂದು ಯಮುನಕ್ಕನಿಗೆ ತಿಳಿದ ದಿನಕ್ಕೂ ಆ ಘಟನೆಗೂ ನಡುವೆ ಹಲವು ದಿನಗಳು ಕಳೆಯುತ್ತವೆ. ಆ ದಿನಗಳಲ್ಲಿ ಅವಳ ಬಳಿ ಕುಳಿತು ‘ಮುಂದೇನು?’ ಎಂದು ಕೇಳಿದವರು ಯಾರು? ಕೃತಿಯ ನಿಜವಾದ ಭಯಾನಕತೆಯು ಈ ಪ್ರಶ್ನೆಯಲ್ಲಿದೆ.

ಯಮುನಕ್ಕನ ಸುತ್ತಣ ಜನರನ್ನು ಒಬ್ಬೊಬ್ಬರನ್ನಾಗಿ ಎಣಿಸಿ ನೋಡಬೇಕು. ಅವಳ ತಂದೆ ಉಡುಪರು ವೇದಪಾಠಶಾಲೆ ನಡೆಸುವ ವಿದ್ವಾಂಸರು, ಮಗಳನ್ನು ಪ್ರೀತಿಸುವವರೇ. ಆದರೆ ವಿಧವೆಯಾದ ಮಗಳು ಗರ್ಭಿಣಿಯಾದಾಗ ಏನು ಮಾಡಬೇಕೆಂಬುದಕ್ಕೆ ಅವರ ಶಾಸ್ತ್ರದಲ್ಲಿ ಇರುವುದು ಒಂದೇ ಉತ್ತರ. ಆ ಉತ್ತರದಲ್ಲಿ ಮಗಳ ಮಾತಿಗೆ ಎಡೆಯಿಲ್ಲ. ಅವಳ ಪ್ರಿಯನಾದ ಶಾಲಾ ಮಾಸ್ತರನು ಈ ಬಸಿರಿನಲ್ಲಿ ಸಮಭಾಗಿ. ಆದರೆ ಅವನು ಮಾಡುವ ಏರ್ಪಾಡು ಅವಳ ಹಿತವನ್ನು ತೂಗಿ ಮಾಡಿದ್ದಲ್ಲ. ತನ್ನ ಮಾನ ಉಳಿಸಿಕೊಳ್ಳಲು ಮಾಡಿದ್ದು. ಪಾಠಶಾಲೆಯ ಹಿರಿಯ ವಿದ್ಯಾರ್ಥಿಗಳಿಗೆ ಅವಳ ಸಂಕಟವು ಗುಸುಗುಸು ಮಾತಿನ ವಸ್ತು, ನೆರೆಹೊರೆಯವರಿಗೆ ತೀರ್ಪಿನ ವಸ್ತು. ಇಷ್ಟು ಜನರ ನಡುವೆ ಅವಳ ಕೈ ಹಿಡಿದು ನಡೆಯುವವನು ಒಬ್ಬನೇ: ಪಾಠಶಾಲೆಗೆ ಹೊಸದಾಗಿ ಬಂದ ಬಾಲಕ ನಾಣಿ. ಅವನಿಗೆ ಬಸಿರೆಂದರೇನೆಂಬುದೇ ಸರಿಯಾಗಿ ತಿಳಿಯದು.

ಕಥೆಯನ್ನು ಬಾಲಕನ ಕಣ್ಣಿನಿಂದ ಹೇಳಿಸಿದ್ದರಿಂದ ಯಮುನಕ್ಕನ ಅಂತರಂಗವು ಓದುಗನಿಗೆ ದೊರೆಯದೆ ಹೋಯಿತೆಂಬ ಆಕ್ಷೇಪಣೆಯನ್ನು ಎತ್ತಬಹುದು. ಆ ಆಕ್ಷೇಪಣೆಯಲ್ಲಿ ತೂಕವಿದೆ. ಆಕೆಗೆ ಮಗು ಬೇಕಿತ್ತೇ, ಬೇಡವಾಗಿತ್ತೇ? ಮಾಸ್ತರನೊಡನೆ ಊರು ಬಿಟ್ಟು ಹೋಗುವ ಆಸೆಯಿತ್ತೇ? ಇವುಗಳಿಗೆ ಕಥೆಯಲ್ಲಿ ನೇರವಾದ ಉತ್ತರವಿಲ್ಲ. ಆದರೆ ಉತ್ತರವಿಲ್ಲದಿರುವುದು ಕಥೆಗಾರನ ಮರೆವಲ್ಲ. ಕೇಳುವವರೇ ಇಲ್ಲದ ಕಡೆ ಉತ್ತರವು ಹೇಗೆ ಹುಟ್ಟೀತು? ನಾಣಿಯ ಅಜ್ಞಾನವು ಯಮುನಕ್ಕನ ಒಂಟಿತನದ ಅಳತೆಗೋಲು. ಊರಿನಲ್ಲಿ ತಿಳಿವಳಿಕೆಯುಳ್ಳವರಿಗೆ ಕರುಣೆಯಿಲ್ಲ. ಕರುಣೆಯುಳ್ಳವನಿಗೆ ತಿಳಿವಳಿಕೆಯಿಲ್ಲ, ಶಕ್ತಿಯೂ ಇಲ್ಲ. ಚಿತ್ರದಲ್ಲಿ ಯಮುನೆಯು ಹುತ್ತದೊಳಗೆ ಕೈಯಿಕ್ಕಿ ಸಾವನ್ನು ಹುಡುಕುವಾಗಲೂ, ರಾತ್ರಿ ಊರಾಚೆಯ ಗುಡಿಸಲಿನಲ್ಲಿ ಅವಳ ಗರ್ಭಪಾತ ನಡೆಯುವಾಗಲೂ ಹತ್ತಿರವಿರುವವನು ಆ ಬಾಲಕನೇ. ಹಿರಿಯಳೊಬ್ಬಳು ಇರಬೇಕಾದ ಸ್ಥಳದಲ್ಲಿ ಎಳೆಯ ಹುಡುಗನೊಬ್ಬನು ನಡುಗುತ್ತ ಇರುವುದನ್ನು ಕಂಡಾಗ ಪ್ರೇಕ್ಷಕನಿಗೆ ಆಗುವ ಸಂಕಟವೇ ಕೃತಿಯ ವಾದ.

ಕನ್ನಡ ಕಾದಂಬರಿಯಲ್ಲಿ ಈ ವಸ್ತು ಹೊಸದಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ (1936) ವಿಧವೆಯಾದ ಸುಬ್ಬಮ್ಮನು ಬಸಿರಾಗಿ, ಗರ್ಭವನ್ನು ಕಳೆದುಕೊಳ್ಳುವ ಯತ್ನದಲ್ಲಿ ಪ್ರಾಣ ಬಿಡುತ್ತಾಳೆ. ಹೆಗ್ಗಡಿತಿಯ ಪದವಿ, ಮನೆ, ಆಳುಕಾಳು ಎಲ್ಲವೂ ಅವಳಿಗಿದ್ದವು. ಮನಸ್ಸು ಬಿಚ್ಚಿ ಮಾತನಾಡಬಲ್ಲ ಒಂದು ಜೀವ ಇರಲಿಲ್ಲ. ಅಗ್ರಹಾರದ ಬಡ ವಿಧವೆಗೂ ಮಲೆನಾಡಿನ ಹೆಗ್ಗಡಿತಿಗೂ ಕುಲದಲ್ಲಿ, ಸಿರಿಯಲ್ಲಿ, ಅಧಿಕಾರದಲ್ಲಿ ಅಂತರವುಂಟು. ಕಷ್ಟ ಬಂದಾಗ ಮಾತ್ರ ಇಬ್ಬರೂ ಒಂದೇ ಕತ್ತಲೆಯಲ್ಲಿ ನಿಲ್ಲುತ್ತಾರೆ. ಇದಕ್ಕೆ ಕರ್ಮಠತನವೊಂದನ್ನೇ ಕಾರಣವೆನ್ನುವ ವಿಮರ್ಶೆಯು ಸುಬ್ಬಮ್ಮನ ಮುಂದೆ ಸೋಲುತ್ತದೆ.

ಇವರಿಬ್ಬರ ಪಕ್ಕದಲ್ಲಿ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು (1976) ಇರಿಸಿ ನೋಡತಕ್ಕದ್ದು. ಫಣಿಯಮ್ಮನು ಬಾಲವಿಧವೆ, ತಲೆ ಬೋಳಿಸಿಕೊಂಡು, ಒಪ್ಪೊತ್ತಿನ ಊಟದಲ್ಲಿ ಒಂದು ಇಡೀ ಆಯುಷ್ಯವನ್ನು ಸವೆಸಿದವಳು. ಸಂಪ್ರದಾಯದ ಪಕ್ಷ ವಹಿಸಿ ತೀರ್ಪು ಕೊಡುವ ಹಕ್ಕು ಯಾರಿಗಾದರೂ ಇದ್ದಿದ್ದರೆ ಅದು ಅವಳಿಗೇ ಇತ್ತು. ಆದರೂ ತಲೆ ಬೋಳಿಸಿಕೊಳ್ಳಲು ಒಪ್ಪದ, ಮುಂದೆ ಬಸಿರಾದ ಎಳೆಯ ವಿಧವೆ ದಾಕ್ಷಾಯಿಣಿಯನ್ನು ಅವಳು ಹಳಿಯುವುದಿಲ್ಲ. ಅವಳ ಪರವಾಗಿ ನಿಲ್ಲುತ್ತಾಳೆ. ತಾನು ಪಾಲಿಸಿದ ನೇಮವನ್ನು ಇನ್ನೊಬ್ಬಳ ಮೇಲೆ ಹೇರದಿರುವುದು ಆಕೆಯ ದೊಡ್ಡತನ. ಅನಂತಮೂರ್ತಿಯವರ ಕಥೆಯಲ್ಲಿ ನಾಣಿ ನಿಂತ ಸ್ಥಳದಲ್ಲಿ ಇಂದಿರಾ ಅವರು ಫಣಿಯಮ್ಮನನ್ನು ನಿಲ್ಲಿಸಿದ್ದಾರೆ. ಊರು ಅದೇ ಬಗೆಯದು, ಕಟ್ಟಳೆಯೂ ಅದೇ ಬಗೆಯದು. ಪಕ್ಕದಲ್ಲಿರುವ ಜೀವ ಮಾತ್ರ ಬೇರೆ. ಕಲೆಗಾರಿಕೆಯಲ್ಲಿ ‘ಘಟಶ್ರಾದ್ಧ’ವು ಹೆಚ್ಚು ಬಿಗಿಯಾದ ಕೃತಿಯೆಂಬುದನ್ನು ಒಪ್ಪಿಕೊಂಡರೂ, ಆಸರೆಯೆಂದರೇನು ಎಂಬುದನ್ನು ಕಂಡ ಕಣ್ಣು ಇಂದಿರಾ ಅವರದೆಂದು ಹೇಳಬೇಕಾಗುತ್ತದೆ.

ಇದು ಕಾದಂಬರಿಕಾರ್ತಿಯ ಕೇವಲ ಸದಾಶಯವಲ್ಲವೇ, ಅಂಥ ಆಸರೆ ಆ ಕಾಲದಲ್ಲಿ ಸಾಧ್ಯವಿತ್ತೇ ಎಂದು ಸಂಶಯಪಡುವವರು ಇರಬಹುದು. ಮಹಾರಾಷ್ಟ್ರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದರ ಉತ್ತರವು ಹತ್ತಿರದಲ್ಲಿಯೇ ಇದೆ. 1863ರಲ್ಲಿ ಜೋತಿಬಾ ಫುಲೆ ಮತ್ತು ಸಾವಿತ್ರೀಬಾಯಿ ದಂಪತಿಗಳು ಪುಣೆಯಲ್ಲಿ ಬಸಿರಾದ ವಿಧವೆಯರಿಗಾಗಿ ಒಂದು ಆಶ್ರಯವನ್ನು ತೆರೆದರು. ಅಲ್ಲಿಗೆ ಬಂದವಳು ಗುಟ್ಟಾಗಿ, ಸುರಕ್ಷಿತವಾಗಿ ಹೆರಬಹುದಿತ್ತು. ಮಗುವನ್ನು ಕರೆದೊಯ್ಯುವುದೋ ಅಲ್ಲಿಯೇ ಬಿಡುವುದೋ ಅವಳ ಇಚ್ಛೆಗೆ ಸೇರಿದ್ದಾಗಿತ್ತು. ಅಲ್ಲಿ ಹುಟ್ಟಿದ ಬ್ರಾಹ್ಮಣ ವಿಧವೆಯೊಬ್ಬಳ ಮಗನನ್ನೇ ಆ ದಂಪತಿಗಳು ದತ್ತು ತೆಗೆದುಕೊಂಡು ಯಶವಂತನೆಂದು ಸಾಕಿದರು. 1881ರಲ್ಲಿ ಸೂರತಿನ ವಿಜಯಲಕ್ಷ್ಮಿಯೆಂಬ ವಿಧವೆಗೆ ಹಸುಗೂಸನ್ನು ಕೊಂದ ಅಪರಾಧಕ್ಕಾಗಿ ಗಲ್ಲಿನ ಶಿಕ್ಷೆಯಾಯಿತು. ಮುಂದೆ ಆ ಶಿಕ್ಷೆ ಇಳಿಯಿತು. ಆ ಸಂದರ್ಭದಲ್ಲಿ ಹೆಂಗಸರ ಮೇಲೆ ಹರಿದ ನಿಂದೆಗೆ ಉತ್ತರವಾಗಿ ತಾರಾಬಾಯಿ ಶಿಂದೆಯವರು 1882ರಲ್ಲಿ ಮರಾಠಿಯಲ್ಲಿ ‘ಸ್ತ್ರೀಪುರುಷ ತುಲನಾ’ ಬರೆದರು. ಒಂದೇ ತಪ್ಪಿಗೆ ಗಂಡಿಗೆ ಒಂದು ತಕ್ಕಡಿ, ಹೆಣ್ಣಿಗೆ ಇನ್ನೊಂದು ತಕ್ಕಡಿ ಏಕೆಂಬುದು ಆ ಪುಸ್ತಕದ ಪ್ರಶ್ನೆ. ‘ಘಟಶ್ರಾದ್ಧ’ದ ಕೊನೆಯಲ್ಲಿ ಮಗಳನ್ನು ಹೊರಗೆ ಹಾಕಿದ ಮುದಿ ಉಡುಪರು ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾರೆ. ಎಂಬತ್ತು ವರ್ಷಗಳಾದ ಮೇಲೂ ಆ ಎರಡು ತಕ್ಕಡಿಗಳು ಕನ್ನಡ ಕಥೆಗಾರನ ಕಣ್ಣಿಗೆ ಬಿದ್ದವು.

ಕಥೆ ಪ್ರಕಟವಾದ ಮರುವರ್ಷ, 1964ರಲ್ಲಿ, ಭಾರತ ಸರಕಾರವು ಗರ್ಭಪಾತದ ಪ್ರಶ್ನೆಯನ್ನು ಪರಿಶೀಲಿಸಲು ಶಾಂತಿಲಾಲ್ ಶಹಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅದರ ವರದಿ 1966ರ ಕೊನೆಗೆ ಬಂದಿತು. ಅದರ ಫಲವಾದ ವೈದ್ಯಕೀಯ ಗರ್ಭಪಾತ ಕಾಯಿದೆಯು 1971ರಲ್ಲಿ ಮಂಜೂರಾಗಿ 1972ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅಲ್ಲಿಯವರೆಗೆ 1860ರ ದಂಡಸಂಹಿತೆಯಂತೆ, ತಾಯಿಯ ಪ್ರಾಣ ಉಳಿಸಲೆಂದು ಮಾಡಿದ್ದರ ಹೊರತು, ಗರ್ಭಪಾತ ಮಾಡಿಸಿಕೊಂಡ ಹೆಂಗಸೂ ಅಪರಾಧಿಯಾಗುತ್ತಿದ್ದಳು. ಯಮುನಕ್ಕ, ಸುಬ್ಬಮ್ಮ ಇಬ್ಬರೂ ಈ ನೆರಳಿನಲ್ಲಿ ಬದುಕಿದವರು. ಹೊಸ ಕಾಯಿದೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ: ವಯಸ್ಕಳಾದ ಹೆಂಗಸಿಗೆ ಅವಳದೊಂದೇ ಸಮ್ಮತಿ ಸಾಕು, ಗಂಡನದಾಗಲಿ ತಂದೆಯದಾಗಲಿ ಬೇಕಿಲ್ಲ. ಹದಿನೆಂಟು ತುಂಬದವಳಿಗೆ ಪೋಷಕರ ಸಮ್ಮತಿ ಬೇಕು. ಗರ್ಭನಿರೋಧ ಕ್ರಮವು ವಿಫಲವಾದ ಸಂದರ್ಭವನ್ನು ಹೇಳುವಾಗ 1971ರ ಕಾಯಿದೆಯು ವಿವಾಹಿತೆಯನ್ನೂ ಅವಳ ಗಂಡನನ್ನೂ ಮಾತ್ರ ಹೆಸರಿಸಿತ್ತು. 2021ರ ತಿದ್ದುಪಡಿಯು ಯಾವ ಹೆಂಗಸಾದರೂ ಸರಿ, ಅವಳ ಸಂಗಾತಿಯಾದರೂ ಸರಿ ಎಂದಿತು. ಅದರಂತೆ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯವೂ, ಕೆಲವು ವರ್ಗದವರಿಗೆ 24 ವಾರಗಳವರೆಗೆ ಇಬ್ಬರದೂ ಬೇಕು. ಆ ವರ್ಗಗಳಲ್ಲಿ ಅವಿವಾಹಿತೆಯರನ್ನೂ ಸೇರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರ್ 29ರಂದು ತೀರ್ಪಿತ್ತಿತು. ಹೆತ್ತು ಮಗುವನ್ನು ಒಪ್ಪಿಸಲು ಬಯಸುವವಳಿಗೆ 2015ರ ಬಾಲನ್ಯಾಯ ಕಾಯಿದೆಯು ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ದಾರಿಯನ್ನಿಟ್ಟಿದೆ. ಮನಸ್ಸು ಬದಲಾಯಿಸಲು ಎರಡು ತಿಂಗಳ ಅವಕಾಶವನ್ನೂ ಕೊಟ್ಟಿದೆ.

ಹಾಗಾದರೆ ‘ಘಟಶ್ರಾದ್ಧ’ವು ಹಳತಾಯಿತೇ? ಕಥೆಯನ್ನು ಕರ್ಮಠತನದ ಖಂಡನೆಯೆಂದಷ್ಟೇ ಓದುವವರು ಹಳತಾಯಿತೆಂದೇ ಹೇಳಬೇಕಾಗುತ್ತದೆ. ಈಗ ಯಾವ ಅಗ್ರಹಾರವೂ ಘಟ ಒಡೆಯಲು ಕಾದು ನಿಂತಿಲ್ಲ. ಆದರೆ ಕಾಯಿದೆಯು ಕೊಡುವುದು ಅನುಮತಿ. ಅದು ಜೊತೆಯನ್ನು ಕೊಡಲಾರದು. ಹೆರುವುದು, ತೆಗೆಸುವುದು, ಹೆತ್ತು ಒಪ್ಪಿಸುವುದು ಎಂಬ ಮೂರು ದಾರಿಗಳು ಕಾಗದದ ಮೇಲೆ ತೆರೆದಿದ್ದರೂ, ಅವುಗಳನ್ನು ತೂಗಿ ನೋಡಲು ಹೆದರಿಕೆಯಿಲ್ಲದ ಒಂದು ಗಳಿಗೆಯೂ, ತನ್ನ ಇಷ್ಟವನ್ನು ಹೇರದ ಒಂದು ಕಿವಿಯೂ ಬೇಕು. ವಾರಗಳ ಲೆಕ್ಕದಲ್ಲಿ ನಡೆಯುವ ಕಾಯಿದೆಯಲ್ಲಿ ಬಾಯಿಬಿಡಲಾಗದೆ ಕಳೆದ ಒಂದೊಂದು ವಾರವೂ ಒಂದೊಂದು ದಾರಿಯನ್ನು ಮುಚ್ಚುತ್ತ ಹೋಗುತ್ತದೆ.

ಹೊರನಾಡಿನ ನಗರಗಳಲ್ಲಿ ಈ ಮಾತಿಗೆ ಇನ್ನೂ ಒಂದು ಅರ್ಥವಿದೆ. ನೌಕರಿಗೋ ವ್ಯಾಸಂಗಕ್ಕೋ ಮುಂಬಯಿ, ಪುಣೆ, ದಿಲ್ಲಿಗಳಿಗೆ ಬಂದು ವಸತಿಗೃಹದ ಒಂದು ಕೋಣೆಯಲ್ಲಿ ಇರುವ ಕನ್ನಡದ ಹುಡುಗಿಗೆ ಆಸ್ಪತ್ರೆ ಹತ್ತಿರವಿದೆ, ಅಗ್ರಹಾರವು ದೂರವಿದೆ. ಅಗ್ರಹಾರದೊಡನೆ ಫಣಿಯಮ್ಮನೂ ದೂರವಾದಳು. ಹತ್ತಿರದಲ್ಲಿರುವ ಕನ್ನಡ ಮನೆಗಳ ಬಾಗಿಲನ್ನು ಅವಳು ತಟ್ಟಬಲ್ಲಳೇ, ಊರಿಗೆ ಸುದ್ದಿ ಮುಟ್ಟೀತೆಂದು ಅವುಗಳಿಗೇ ಎಲ್ಲಕ್ಕಿಂತ ಹೆಚ್ಚು ಹೆದರುವಳೇ? ತನ್ನವರೆಂಬವರ ಸಾಮೀಪ್ಯವು ಆಸರೆಯೂ ಆದೀತು, ಅಗ್ರಹಾರವೂ ಆದೀತು. ಎರಡರಲ್ಲಿ ಯಾವುದಾಗುವುದೆಂಬುದು ಆ ಮನೆಗಳವರ ಕೈಯಲ್ಲಿದೆ.

ಚಿತ್ರದ ಕೊನೆಯಲ್ಲಿ ನಾಣಿಯು ತನ್ನ ತಂದೆಯೊಡನೆ ಊರು ಬಿಟ್ಟು ಹೊರಡುವಾಗ, ತಲೆ ಬೋಳಿಸಿಕೊಂಡ ಯಮುನೆಯು ಮರದ ಕೆಳಗೆ ಒಬ್ಬಳೇ ಕುಳಿತಿರುವುದನ್ನು ಕಾಣುತ್ತಾನೆ. ಅವನು ಬಾಲಕ; ಹಿರಿಯರ ಜೊತೆಯಲ್ಲಿ ಮುಂದೆ ನಡೆಯಲೇಬೇಕು. ಆದುದರಿಂದ ಅವನಿಗೆ ಕ್ಷಮೆಯಿದೆ. ಅದೇ ದೃಶ್ಯವನ್ನು ಕಂಡು ಎದ್ದು ಮನೆಗೆ ನಡೆಯುವ ವಯಸ್ಕ ಪ್ರೇಕ್ಷಕನಿಗೆ ಆ ಕ್ಷಮೆ ಇಲ್ಲ.